ಗುಂಯ್ ಎನ್ನದ ಗಂಟಲು

ಮಂಗಳವಾರ, ಹದಿನಾಲ್ಕು.

ಉಪ್ಪುನೀರಿನ ಲೋಟ ಮೇಜಿನ ಮೇಲೆ ಆರುತ್ತಿದೆ. ನನ್ನ ಗಂಟಲಿಗೆ ಏನೂ ಆಗಿಲ್ಲ.

ಇಂಟರ್ನೆಟ್ಟಿನ ತಾಂತ್ರಿಕ ನಿಯಮ ರೂಪಿಸುವ ನಮ್ಮ ಇವತ್ತಿನ ಸಭೆಗೆ ಆ ಪ್ರಸ್ತಾಪ ಬಂದೇಬಿಟ್ಟಿತು. ಜನರ ಸಂದೇಶಗಳನ್ನು ಸರ್ಕಾರ ಓದಲು ಆ ನಿಯಮದಲ್ಲೇ ಒಂದು ಕಳ್ಳಕಿಂಡಿ ಬಿಡಬೇಕಂತೆ. ನಮ್ಮ ಎಂಜಿನಿಯರುಗಳಲ್ಲಿ ಕೈ ಎತ್ತುವ ಪದ್ಧತಿ ಇಲ್ಲ. ಒಪ್ಪುವವರು ಒಮ್ಮೆ, ಒಪ್ಪದವರು ಒಮ್ಮೆ ಬಾಯಿ ಮುಚ್ಚಿಕೊಂಡೇ ಗುಂಯ್ ಎನ್ನುತ್ತೇವೆ. ಯಾವ ಸದ್ದು ದೊಡ್ಡದು ಎಂದು ಅಧ್ಯಕ್ಷರು ಕಿವಿಗೊಟ್ಟು ಕೇಳುತ್ತಾರೆ. ಯಾರು ಯಾವ ಕಡೆ ಎಂದು ಯಾರಿಗೂ ತಿಳಿಯಬಾರದು, ಅದಕ್ಕೇ. ಪಕ್ಕದ ಕುರ್ಚಿಯವರಿಗೆ ಮಾತ್ರ ತಿಳಿಯುತ್ತದೆ.

ನನ್ನ ಪಕ್ಕ ಕೂತಿದ್ದವರು ಆ ಪ್ರಸ್ತಾಪ ತಂದ ಇಲಾಖೆಯ ಅಧಿಕಾರಿ. ನಮ್ಮ ಕಂಪನಿಯ ಪರವಾನಗಿಯ ಫೈಲು ಅವರ ಮೇಜಿನ ಮೇಲೇ ಇದೆ.

"ಒಪ್ಪದವರು?" ಎಂದರು ಅಧ್ಯಕ್ಷರು. ವರ್ಷಗಟ್ಟಲೆ ಇದರ ವಿರುದ್ಧ ಗಂಟಲು ಹರಿದುಕೊಂಡ ನಾನು ಗುಂಯ್ ಎನ್ನಲಿಲ್ಲ. ಆಗ ಪಕ್ಕದಿಂದಲೇ ಸಣ್ಣಗೆ ಗುಂಯ್ ಕೇಳಿಸಿತು. ಅಧಿಕಾರಿ ಎದುರಿನ ಗೋಡೆ ನೋಡುತ್ತಿದ್ದರು. ಅವರ ಟೈ ಗಂಟು ಅದುರುತ್ತಿತ್ತು.

ಎರಡೂ ಸದ್ದು ಹೆಚ್ಚುಕಡಿಮೆ ಒಂದೇ ಎಂದು ಅಧ್ಯಕ್ಷರು ತೀರ್ಮಾನವನ್ನು ನಾಳೆಗೆ ಹಾಕಿದರು.

ಚಹಾದ ಹೊತ್ತಿಗೆ ಅಧಿಕಾರಿ ಕೇಳಿದರು, "ಏನ್ ಮೇಡಂ, ಗಂಟಲು ಸರಿ ಇಲ್ವಾ?"

"ಹೂಂ ಸರ್, ನಿನ್ನೆಯಿಂದ ಸ್ವಲ್ಪ ಕಟ್ಟಿದೆ."

ಮನೆಯಲ್ಲಿ ಇವರಿಗೂ ಅದನ್ನೇ ಹೇಳಿದೆ. ಪಾಪ, ನೀರು ಕಾಯಿಸಿ ಉಪ್ಪು ಹಾಕಿಟ್ಟು ಮಲಗಿದರು.

ಈಗ ಎದ್ದು ಹೋಗಿ, ಬಾಗಿಲು ಹಾಕಿಕೊಂಡು, ಆ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ ಬಂದೆ. ಬಚ್ಚಲುಮನೆ ತುಂಬ ನನ್ನದೇ ಸದ್ದು.