ಆಯುಧಪೂಜೆಗೆ ತೊಳೆದ ಎಂಜಿನ್ನು

ಬುಕಿತ್ ಬಾಟೋಕ್, ಸಿಂಗಾಪುರ
೧೫ ಮಾರ್ಚ್ ೨೦೨೬, ಭಾನುವಾರ

ಪ್ರೀತಿಯ ಮಗಳು ಸುರಕ್ಷಾಳಿಗೆ,

ಹೇಗಿದ್ದೀ? ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸಲ ಸೀನುವುದು ಕಡಿಮೆಯಾಗಿದೆಯೇ, ಅಥವಾ ಪುಂಗೋಲಿನ ನೀರಿನ ಗಾಳಿಗೆ ಇನ್ನೂ ಹೆಚ್ಚಾಗಿದೆಯೇ? ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಿಂತೇ ಇರುವವಳು, ಮಲಗುವ ಮೊದಲು ಕಾಲಿಗೆ ಸ್ವಲ್ಪ ಎಣ್ಣೆ ತಿಕ್ಕಿಕೋ. ನಿನ್ನ ರೂಮ್‌ಮೇಟ್ ಜಾನ್ವಿ ಅಡುಗೆ ಮಾಡುತ್ತಾಳಂತೆ, ನೀನು ಪಾತ್ರೆ ತೊಳೆಯುತ್ತೀಯಂತೆ. ಇದು ಅಮ್ಮನಿಂದ ಬಂದ ಸುದ್ದಿ. ನಮ್ಮ ಮನೆಯಲ್ಲಿ ಲೋಟವನ್ನು ಸಿಂಕಿನವರೆಗೂ ತಲುಪಿಸದವಳು ಪಾತ್ರೆ ತೊಳೆಯುತ್ತಾಳೆ ಎಂದರೆ ನಂಬುವುದು ಕಷ್ಟ, ಆದರೂ ನಂಬಿದ್ದೇನೆ. ಅಮ್ಮನ ಮಂಡಿನೋವು ಹಾಗೇ ಇದೆ. ನನ್ನ ಬಿಪಿ ಡಾಕ್ಟರಿಗೆ ಖುಷಿ ಕೊಡುವಷ್ಟಿದೆ. ಈ ಮನೆಯಲ್ಲಿ ಹತೋಟಿಯಲ್ಲಿ ಇರುವುದು ಅದೊಂದೇ.

ಒಂದೇ ಊರಿನಲ್ಲಿದ್ದುಕೊಂಡು, ಎಂಆರ್‌ಟಿ ರೈಲು ಹತ್ತಿದರೆ ಒಂದೂಕಾಲು ಗಂಟೆಯಲ್ಲಿ ತಲುಪುವ ಮಗಳಿಗೆ ಅಪ್ಪ ಕಾಗದ ಬರೆಯುವುದು ವಿಚಿತ್ರವೇ. ನನ್ನ ವಾಟ್ಸಾಪ್ ಮೆಸೇಜಿಗೆ ನೀನು ‘ಓಕೆ’ ಎಂದು ಕಳಿಸುತ್ತೀ. ‘ಊಟ ಆಯಿತಾ’ ಎಂದರೂ ಓಕೆ, ‘ದೀಪಾವಳಿಗೆ ಬರುತ್ತೀಯಾ’ ಎಂದು ಕೇಳಿದ್ದಕ್ಕೂ ಓಕೆ, ಬರಲಿಲ್ಲ. ಜನವರಿಯಲ್ಲಿ ಒಂದು ಭಾನುವಾರ ನಾನೇ ಪುಂಗೋಲಿಗೆ ಬಂದಿದ್ದೆ. ನಿನ್ನ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ವಾಯ್ಡ್ ಡೆಕ್‌ನಲ್ಲಿ ಕಲ್ಲಿನ ಮೇಜಿನ ಹತ್ತಿರ ಅರ್ಧ ಗಂಟೆ ಕೂತು, ನೀರಿನ ದಡದಲ್ಲಿ ಒಂದು ಸುತ್ತು ನಡೆದು, ವಾಪಸು ಬಂದೆ. ಲಿಫ್ಟು ಹತ್ತಲಿಲ್ಲ. ಹತ್ತಿದ್ದರೆ ನೀನು ಅದೇ ಪ್ರಶ್ನೆ ಕೇಳುತ್ತಿದ್ದೆ, ನಾನು ಅದೇ ಉತ್ತರ ಕೊಡುತ್ತಿದ್ದೆ. ಅದಕ್ಕೇ ಬರೆಯಲು ಕೂತದ್ದು. ಇಂಗ್ಲಿಷಿನಲ್ಲಿ ನನಗೆ ಬರುವುದು ಇನ್ಸ್‌ಪೆಕ್ಷನ್ ರಿಪೋರ್ಟು ಮಾತ್ರ, ನಮ್ಮ ಮನೆಮಾತು ತುಳುವಿನಲ್ಲಿ ಬರೆದು ಅಭ್ಯಾಸವಿಲ್ಲ. ಭಾನುವಾರದ ತರಗತಿಯಲ್ಲಿ ನೀನು ಅತ್ತುಕೊಂಡು ಕಲಿತ ಕನ್ನಡ ಇಂದು ಉಪಯೋಗಕ್ಕೆ ಬರಲಿ. ನಿಧಾನವಾಗಿ ಅಕ್ಷರ ಕೂಡಿಸಿ ಓದು, ಅವಸರವಿಲ್ಲ.

ನಿನ್ನ ಪ್ರಶ್ನೆ ನನಗೆ ನೆನಪಿದೆ. ಕಳೆದ ಅಕ್ಟೋಬರ್ ಒಂದನೇ ತಾರೀಕು, ಆಯುಧಪೂಜೆಯ ಸಂಜೆ, ಹಾಲ್‌ನಲ್ಲಿ ನಿಂತು ನೀನು ಕೇಳಿದೆ: “ಅಪ್ಪ, ಬೇಕಂತ ಮಾಡಿದ್ದಲ್ವಾ? ಜಸ್ಟ್ ಸೇ ಲಾ.” ಅದಕ್ಕೆ ಉತ್ತರ ಕೊಡಬೇಕೆಂದೇ ಈ ಕಾಗದ ಶುರು ಮಾಡಿದೆ. ಕೊಡುತ್ತೇನೆ. ಅದಕ್ಕೆ ಮುಂಚೆ ನನ್ನ ಕಡೆಯದನ್ನೂ ಸ್ವಲ್ಪ ಹೇಳಲು ಬಿಡು.

ಆ ಮೋಟರ್‌ಸೈಕಲ್ ಬಂದ ದಿನ ನಾನು ಆಡಿದ ಮಾತಿನಿಂದಲೇ ತಪ್ಪು ಶುರುವಾದದ್ದು. ಬುಕಿತ್ ಪಂಜಾಂಗ್‌ನ ಯಾರೋ ಮುದುಕರು ಮನೆ ಖಾಲಿ ಮಾಡುವಾಗ ಮಾರಿದ್ದು, ನೀನು ಕೊಂಡದ್ದು. ಎಪ್ಪತ್ತರ ದಶಕದ ಜಪಾನಿ ಗಾಡಿ, ಎರಡು ಪುಟ್ಟ ಸಿಲಿಂಡರು, ತುಕ್ಕು ಹಿಡಿದ ಟ್ಯಾಂಕು, ಸೀಟಿನೊಳಗೆ ಇಲಿ ಸಂಸಾರ ಮಾಡಿ ಹೋದ ಗುರುತು. ಕಾರಿಡಾರಿನಲ್ಲಿ ಇಡುವಂತಿಲ್ಲ ಎಂದು ನೀನು ಬುಕಿತ್ ಬಾಟೋಕ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಅಮನ್ ಅವರ ವರ್ಕ್‌ಶಾಪಿನ ಒಂದು ಮೂಲೆ ಹಿಡಿದೆ. ಗಾಡಿ ನೋಡಲು ನನ್ನನ್ನು ಕರೆದುಕೊಂಡು ಹೋಗಿ, “ಅಪ್ಪ, ನೀವು ಸ್ವಲ್ಪ ಹೆಲ್ಪ್ ಮಾಡ್ತೀರಾ? ನಂಗೆ ಎಲ್ಲಿಂದ ಸ್ಟಾರ್ಟ್ ಮಾಡೋದು ಗೊತ್ತಿಲ್ಲ” ಎಂದೆ. ನಾನು ಟ್ಯಾಂಕನ್ನು ಬೆರಳಿನಿಂದ ತಟ್ಟಿ, “ಗುಜರಿ. ಮೊದಲು ನಿನ್ನ ಡಿಗ್ರಿ ಮುಗಿಸು, ಆಮೇಲೆ ಇದು” ಎಂದೆ. ನೀನು ಅಕೌಂಟೆನ್ಸಿ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಅಮನ್ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದರು. ನೀನು ಮತ್ತೆ ನನ್ನನ್ನು ಕೇಳಲಿಲ್ಲ.

ಆದರೆ ನಾನು ನೋಡುತ್ತಿದ್ದೆ, ಅದು ನಿನಗೆ ಗೊತ್ತಿರಲಿಲ್ಲ. ಹೊಸಬರು ಸಾಮಾನ್ಯವಾಗಿ ಮೊದಲ ದಿನವೇ ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಬಿಚ್ಚಿ ಹಾಕುತ್ತಾರೆ. ನೀನು ಬಿಚ್ಚಲಿಲ್ಲ. ಸಿಲಿಂಡರಿನೊಳಗೆ ಎಣ್ಣೆ ಬಿಟ್ಟು ಎರಡು ವಾರ ಕಾದು, ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ, ಜಾಮ್ ಆಗಿದ್ದ ಎಂಜಿನ್ನು ತಿರುಗುತ್ತದೆಯೇ ಎಂದು ನೋಡಿದೆ. ತಿರುಗಿದ ದಿನ ಮನೆಗೆ ಬಂದು ಅಮ್ಮನನ್ನು ತಬ್ಬಿಕೊಂಡದ್ದು ನೆನಪಿದೆಯೇ? ಅವಳ ಸೀರೆಗೆ ಗ್ರೀಸು. ಟ್ಯಾಂಕಿನ ತುಕ್ಕಿಗೆ ಅವಳ ಅಡುಗೆಮನೆಯ ವಿನೆಗರ್ ಅಷ್ಟೂ ಹೋಯಿತು, ಅವಳು ಒಂದು ವಾರ ಗೊಣಗಿದಳು, ಆಮೇಲೆ ಅವಳೇ ಎರಡು ಬಾಟಲಿ ತಂದಿಟ್ಟಳು. ಆಮೇಲೆ ನೀನು ಎಂಜಿನ್ನು ಬಿಚ್ಚಿ ಭಾಗಗಳನ್ನು ಮನೆಗೆ ತಂದು, ಅಂಗಡಿಯಿಂದ ಬಂದ ಮೇಲೆ ಒಗೆಯುವ ಮೆಷಿನ್ನಿನ ಪಕ್ಕ ಕೂತು ಕೆಲಸ ಮಾಡುತ್ತಿದ್ದೆ. ಬಿಸ್ಕತ್ತಿನ ರಟ್ಟಿನ ಮೇಲೆ ಎಂಜಿನ್ ಕವರಿನ ಆಕಾರ ಬರೆದು, ತೂತು ಮಾಡಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲಿಗೇ ಚುಚ್ಚಿ ಇಡುತ್ತಿದ್ದೆ. ಉಳಿದದ್ದು ಐಸ್‌ಕ್ರೀಮ್ ಡಬ್ಬಿಗಳಲ್ಲಿ, ಪ್ರತಿಯೊಂದಕ್ಕೂ ಬಿಳಿ ಟೇಪು, ಟೇಪಿನ ಮೇಲೆ ನಿನ್ನ ಪುಟ್ಟ ಪುಟ್ಟ ಅಕ್ಷರ. ಟುವಾಸ್‌ನ ಶಿಪ್‌ಯಾರ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿರುವವನು ನಾನು, ಟ್ಯಾಗ್ ಇಲ್ಲದ ನಟ್ಟನ್ನು ಸ್ಟೋರಿನಿಂದ ಹೊರಗೆ ಬಿಡುವವನಲ್ಲ. ನಿನ್ನ ಕೆಲಸ ನೋಡಿ ಮನಸ್ಸಿನಲ್ಲೇ ಪಾಸ್ ಮಾಡಿದೆ. ಬಾಯಿ ಬಿಟ್ಟು ಹೇಳಲಿಲ್ಲ. ಇದಕ್ಕಿಂತ ದೊಡ್ಡ ದಡ್ಡತನ ಬೇರೆ ಇಲ್ಲ.

ಇನ್ನು ಆಯುಧಪೂಜೆ. ಇಲ್ಲಿ ಅದಕ್ಕೆ ರಜೆಯಿಲ್ಲ, ನಾನು ಲೀವ್ ಹಾಕಿದ್ದೆ. ನಮ್ಮ ಮನೆಯಲ್ಲಿ ಪೂಜೆಗೆ ಇರುವುದೇನು? ಮಿಕ್ಸಿ, ನಾನು ಅಳತೆಗೆ ಬಳಸುವ ವರ್ನಿಯರ್, ಅಮ್ಮನ ಹೊಲಿಗೆ ಮೆಷಿನ್ನು. ಪ್ರತಿ ವರ್ಷ ಮಿಕ್ಸಿಗೆ ಹೂ ಹಾಕುವಾಗ, ಊರಿನಲ್ಲಿ ಸಾಲಾಗಿ ತೊಳೆದು ನಿಲ್ಲಿಸಿದ ಗಾಡಿಗಳ ನೆನಪಾಗಿ ನನಗೆ ನಾಚಿಕೆಯಾಗುತ್ತಿತ್ತು. ಈ ಸಲ ಎಂಜಿನ್ನೇ ಇತ್ತು. ನೀನು ಬೆಳಗಿನ ಶಿಫ್ಟಿಗೆ ಹೋದ ಮೇಲೆ ಎಲ್ಲ ಡಬ್ಬಿಗಳನ್ನೂ ಹೊರಗೆ ತೆಗೆದೆ. ಪೂಜೆಗೆ ಇಡುವುದು ಮಡಿಯಾಗಿರಬೇಕಲ್ಲ. ಟೇಪುಗಳನ್ನು ಕಿತ್ತೆ. ರಟ್ಟಿನಿಂದ ಸ್ಕ್ರೂಗಳನ್ನೆಲ್ಲ ಎಳೆದು ತೆಗೆದೆ. ಬಕೆಟಿನಲ್ಲಿ ಸಾಬೂನು ನೀರು ಹಾಕಿ ತೊಳೆದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆ ಜೆಟ್‌ಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಪೂಜೆಯ ದೀಪ ತಿಕ್ಕುವ ಹಾಗೆ. ಕೊನೆಗೆ ಎಲ್ಲವನ್ನೂ ಮದುವೆಯ ದೊಡ್ಡ ಸ್ಟೀಲ್ ಹರಿವಾಣದಲ್ಲಿ ಒಟ್ಟಿಗೆ ಸುರಿದು, ಅರಿಶಿನ ಕುಂಕುಮ ಹಚ್ಚಿ, ಟೆಕ್ಕಾ ಮಾರ್ಕೆಟಿನಿಂದ ತಂದ ಮಲ್ಲಿಗೆ ಇಟ್ಟೆ. ರಟ್ಟುಗಳು ಕೆಳಗಿನ ರೀಸೈಕ್ಲಿಂಗ್ ಡಬ್ಬಕ್ಕೆ ಹೋದವು. ಅಮ್ಮ ಕರ್ಪೂರ ಹಚ್ಚಿ, “ಎಷ್ಟು ಚಂದ ಕಾಣ್ತದೆ, ಮಗಳು ಖುಷಿ ಪಡ್ತಾಳೆ” ಎಂದಳು.

ನೀನು ಬಂದು ಹರಿವಾಣದ ಮುಂದೆ ಕೂತೆ. ನೂರಾರು ತುಂಡುಗಳು, ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಒಂದು ಜೆಟ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ, ತೂತಿನೊಳಗೆ ಹುಣಸೆಯ ನಾರು ಕೂತಿತ್ತು. ಆಗಲೇ ಆ ಪ್ರಶ್ನೆ ಕೇಳಿದ್ದು. ನಾನು ಹೇಳಿದೆ: “ದೇವರ ಕೆಲಸ ಅಂತ ಮಾಡಿದೆ, ನನಗೇನು ಗೊತ್ತು ನಿನ್ನ ಟೇಪಿನ ವಿಷಯ?” ನೀನು, “ಟ್ಯಾಗ್ ಅಂದ್ರೆ ನಿಮಗೆ ಗೊತ್ತಿಲ್ವಾ?” ಎಂದೆ. ಆಗ ನಾನು ಆಡಿದ ಮಾತು ಇದೆಯಲ್ಲ, ಅದನ್ನು ಇಲ್ಲಿ ಬರೆಯಲೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. “ನೀನು ಶುರು ಮಾಡಿದ್ದು ಯಾವುದು ಮುಗಿದಿದೆ? ಇದೂ ಮುಗೀತಿರಲಿಲ್ಲ.” ಅಮ್ಮ ನನ್ನ ಪರ ನಿಂತಳು. ದೇವರ ಕೆಲಸ ಮಾಡಿದ ಅಪ್ಪನ ಮೇಲೆ ಹೀಗೆಲ್ಲ ಹೇಳಬಾರದು, ಸಾರಿ ಕೇಳು ಎಂದಳು. ನೀನು ಕೇಳಲಿಲ್ಲ. ಆ ವಾರವೇ ಜಾನ್ವಿಯ ರೂಮಿಗೆ ಶಿಫ್ಟ್ ಆದೆ. ಅಮ್ಮ ಇವತ್ತಿಗೂ ಫೋನಿನಲ್ಲಿ ಸಾರಿ ಕೇಳು ಎಂದೇ ನಿನಗೆ ಹೇಳುತ್ತಾಳೆ, ನಾನು ಪಕ್ಕದ ರೂಮಿನಲ್ಲಿ ಕೇಳಿಸಿಕೊಳ್ಳುತ್ತೇನೆ.

ನವೆಂಬರಿನಿಂದ ನಾನು ಪ್ರತಿ ಶನಿವಾರ ಅಮನ್ ಅವರ ವರ್ಕ್‌ಶಾಪಿಗೆ ಹೋಗುತ್ತಿದ್ದೇನೆ. ಅಮ್ಮನಿಗೆ ವಾಕಿಂಗ್ ಎಂದು ಹೇಳುತ್ತೇನೆ. ಹರಿವಾಣವನ್ನು ಹಾಗೇ ಹೊತ್ತುಕೊಂಡು ಹೋದೆ. ಹಡಗಿನ ಪೈಪು, ವಾಲ್ವು ಗೊತ್ತಿದ್ದವನಿಗೆ ಮೋಟರ್‌ಸೈಕಲ್ ಏನು ಮಹಾ ಎಂದುಕೊಂಡಿದ್ದೆ. ಏನೂ ಗೊತ್ತಿಲ್ಲ ಎಂದು ಮೊದಲ ಶನಿವಾರವೇ ಗೊತ್ತಾಯಿತು. ಪಾರ್ಟ್ಸ್ ಪುಸ್ತಕದ ಚಿತ್ರ ಇಟ್ಟುಕೊಂಡು ಒಂದೊಂದನ್ನೇ ಅಳೆದೆ. ಜೆಟ್‌ಗಳ ನಾರನ್ನು ಗಿಟಾರಿನ ತಂತಿಯಿಂದ ತೆಗೆದೆ. ಸಾಬೂನು ನೀರಿಗೆ ತುಕ್ಕು ಬಂದ ಬೋಲ್ಟುಗಳಿಗೆ ಎಣ್ಣೆ ಹಚ್ಚಿದೆ. ಹೊಸ ಡಬ್ಬಿಗಳಿಗೆ ಹೊಸ ಟೇಪು ಅಂಟಿಸಿದೆ, ನನ್ನ ಅಕ್ಷರದಲ್ಲಿ. ನಾಲ್ಕು ತಿಂಗಳಲ್ಲಿ ಮುಕ್ಕಾಲು ಭಾಗ ಗುರುತಿಸಿ ಬೇರೆ ಮಾಡಿದೆ. ನೀನು ಬಂದಾಗ ಎಲ್ಲ ಸರಿಯಾಗಿರಲಿ, ಆಗ ಉತ್ತರವನ್ನೇ ಕೊಡಬೇಕಾಗುವುದಿಲ್ಲ ಎಂಬ ಆಸೆ ಒಳಗೆ ಇತ್ತು. ಅಮನ್ ಒಂದು ದಿನ, “ಬ್ರೋ, ಶಿ ಗಾಟ್ ಆಲ್ ದಿ ಫೋಟೋಸ್ ಇನ್ ಹರ್ ಫೋನ್. ವೈ ಯೂ ನೆವರ್ ಆಸ್ಕ್ ಹರ್?” ಎಂದರು, ನೀನು ಬಿಚ್ಚುವಾಗ ತೆಗೆದ ಫೋಟೋಗಳ ಮಾತು. ನಾನು ಸ್ಪ್ಯಾನರ್ ಹುಡುಕುವವನ ಹಾಗೆ ಬಗ್ಗಿಕೊಂಡೆ.

ನಿನ್ನೆ ಒಂದು ಅನಾಹುತವಾಯಿತು, ಅದನ್ನೂ ಹೇಳಬೇಕು. ಎಡಗಡೆಯ ಕವರ್ ಕೂರಿಸಿ ನೋಡೋಣ ಎಂದು ಅಮನ್ ಊಟಕ್ಕೆ ಹೋದಾಗ ಸ್ಕ್ರೂ ಬಿಗಿ ಮಾಡಲು ಶುರು ಮಾಡಿದೆ. ಆ ಸ್ಕ್ರೂಗಳು ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆ ಬೇರೆ. ಗಿಡ್ಡ ತೂತಿಗೆ ಉದ್ದದ ಸ್ಕ್ರೂ ಹಾಕಿದ್ದೇನೆ. ತಳ ಮುಟ್ಟಿತು, ಗೊತ್ತಾಗದೆ ಇನ್ನೂ ಅರ್ಧ ಸುತ್ತು ತಿರುಗಿಸಿದೆ, ಎಂಜಿನ್ ಕೇಸಿನ ಅಂಚು ಟಪ್ ಎಂದು ಬಿರುಕು ಬಿಟ್ಟಿತು. ಐವತ್ತು ವರ್ಷ ಏನೂ ಆಗದೆ ಉಳಿದದ್ದು. ನಿನ್ನ ರಟ್ಟು ಇದ್ದಿದ್ದರೆ ಒಂದು ಮಗುವೂ ಸರಿಯಾಗಿ ಹಾಕುತ್ತಿತ್ತು. ವೆಲ್ಡ್ ಮಾಡಿಸಬಹುದು ಎಂದು ಅಮನ್ ಹೇಳುತ್ತಾರೆ. ಮಾಡಿಸಿಲ್ಲ. ನಿನ್ನನ್ನು ಕೇಳದೆ ಇನ್ನು ಆ ಗಾಡಿಯ ಒಂದು ವಾಷರನ್ನೂ ಮುಟ್ಟುವುದಿಲ್ಲ.

ನಮ್ಮ ಹೊಸವರ್ಷದ ಬಿಸು ಹಬ್ಬಕ್ಕೆ ಇನ್ನೊಂದು ತಿಂಗಳಿದೆ. ದೇವರ ಮುಂದೆ ಹಣ್ಣು, ತರಕಾರಿ ಜೋಡಿಸಿ ಕಣಿ ಇಡುತ್ತೇವೆ, ಅಮ್ಮ ಗೋಡಂಬಿ ಹಾಕಿ ಪಾಯಸ ಮಾಡುತ್ತಾಳೆ. ಬಾ ಎಂದು ಕರೆಯುವ ಮುಖ ನನಗಿಲ್ಲ, ಬಂದರೆ ಬೇಡ ಎನ್ನುವ ಶಕ್ತಿಯಂತೂ ಇಲ್ಲ. ಗಾಡಿಯ ಕೀಲಿ ಅಮನ್ ಅವರ ಹತ್ತಿರ ಇದೆ, ನಾನು ಇಲ್ಲದ ದಿನ ಹೋಗಬೇಕೆಂದರೆ ಶನಿವಾರ ಬಿಟ್ಟು ಹೋಗು. ಊಟ ಬಿಡಬೇಡ. ನಿನ್ನ ಕೈಯಲ್ಲಿ ಹಿಡಿದ ಕೆಲಸ ನೆಟ್ಟಗಾಗಲಿ, ಆರೋಗ್ಯ ಚೆನ್ನಾಗಿರಲಿ, ದಾರಿಯಲ್ಲಿ ಓಡಾಡುವಾಗ ದೈವ ನಿನ್ನ ಬೆನ್ನಿಗಿರಲಿ. ಜಾನ್ವಿಗೆ ನನ್ನ ನೆನಪು ಹೇಳು. ಅಮ್ಮನ ಆಶೀರ್ವಾದ ಈ ಕಾಗದದಲ್ಲಿ ಸೇರಿದೆ.

ಇಂತಿ ನಿನ್ನ ಅಪ್ಪ,
ವಾಸು

ವಿ. ಸೂ.: ಅಮ್ಮ ಕವರು ತಂದು ಮೇಜಿನ ಮೇಲಿಟ್ಟಳು. ಇಷ್ಟು ಬರೆದೂ ನಿನ್ನ ಪ್ರಶ್ನೆಗೆ ಉತ್ತರ ಬರೆದಿಲ್ಲ, ಈಗ ಬರೆಯುತ್ತೇನೆ. ಹೌದು, ಬೇಕೆಂತಲೇ ಮಾಡಿದೆ. ಪೂಜೆಗೆಂದೇ ಕೂತದ್ದು ನಿಜ. ಆದರೆ ಟೇಪುಗಳನ್ನು ಕೀಳುವ ಮೊದಲು ಒಂದೊಂದನ್ನೂ ಓದಿದ್ದೆ. ಹನ್ನೊಂದು ಡಬ್ಬಿಗಳ ಮೇಲೆ ‘ಆಸ್ಕ್ ಅಮನ್ ಅಂಕಲ್’ ಎಂದು ಇತ್ತು. ನನ್ನನ್ನು ಕೇಳಬೇಕು ಎಂದು ಒಂದರ ಮೇಲೂ ಇರಲಿಲ್ಲ. ಮೊದಲು ಆ ಹನ್ನೊಂದನ್ನು ಕಿತ್ತೆ, ಆಮೇಲೆ ಉಳಿದವನ್ನು. ಕೀಳುವಾಗ ಏನು ಮಾಡುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಐದೂವರೆ ತಿಂಗಳು ನೀನು ಅಪ್ಪನ ಮೇಲೆ ಸುಳ್ಳು ಹೇಳಿದವಳಾಗಿ ಅಲ್ಲಿದ್ದೆ, ನಾನು ದೈವಭಕ್ತನಾಗಿ ಇಲ್ಲಿದ್ದೆ. ಇಷ್ಟನ್ನು ಈಗಷ್ಟೇ ಅಮ್ಮನಿಗೆ ಓದಿ ಹೇಳಿದೆ. ಅವಳು ಫೋನ್ ತೆಗೆದುಕೊಂಡು ನಿನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವಳು ನಿನ್ನಲ್ಲಿ ಸಾರಿ ಕೇಳಿರುತ್ತಾಳೆ. ಅದು ನಾನು ಕೇಳಬೇಕಾದದ್ದು, ಮಗಳೇ.