ಅಜ್ಜನ ಪಾಲಿನ ಬೆಸಾಂವ್

ಸೌತ್ ಸಿ, ನೈರೋಬಿ
11 ಮಾರ್ಚ್ 2025, ಮಂಗಳವಾರ

ನನ್ನ ಮುದ್ದಿನ ಪುತಾ ಬ್ರಯಾನ್,

ಹೇಗಿದ್ದೀ ಮಗಾ? ಇಂಗ್ಲೆಂಡಿನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವೆಂದು ನಿನ್ನ ತಂಗಿ ಮೆಲಿಸ್ಸಾ ಹೇಳಿದಳು. ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಹೊರಗೆ ತಿರುಗಬೇಡ. ನಾನು ಚೆನ್ನಾಗಿದ್ದೇನೆ, ಮೆಟ್ಟಿಲು ಹತ್ತುವಾಗ ಮಾತ್ರ ಮೊಣಕಾಲು ತಾನೂ ಇದ್ದೇನೆ ಎನ್ನುತ್ತದೆ. ನಿನ್ನ ಡ್ಯಾಡಿ ಹರ್ಬರ್ಟ್ ಎಂದಿನಂತೆ ಮೊಂಬಾಸಾ ರಸ್ತೆಯ ಟ್ರಾಫಿಕ್ಕಿಗೆ ಬೈಯುತ್ತಾ ಅಂಗಡಿಗೆ ಹೋಗಿ ಬರುತ್ತಾನೆ. ಮೆಲಿಸ್ಸಾ ಈಸ್ಟರ್ ಹಿಂದಿನ ತಪಸ್ಸು ಕಾಲಕ್ಕೆ ಚಾಕೊಲೇಟು ಬಿಟ್ಟಿದ್ದಾಳಂತೆ, ಆದರೆ ಅಡುಗೆಮನೆಯ ಡಬ್ಬ ದಿನದಿಂದ ದಿನಕ್ಕೆ ಹಗುರಾಗುತ್ತಿದೆ, ಯಾರ ಮಹಿಮೆಯೋ. ಹಿತ್ತಲಿನ ಅವೊಕಾಡೊ ಮರ ಈ ಸಲ ಮೈತುಂಬ ಕಾಯಿ ಬಿಟ್ಟಿದೆ. ಅಜ್ಜ ನಿನಗಾಗಿ ಚೆಂಡು ಕಟ್ಟಿ ತೂಗುಬಿಟ್ಟಿದ್ದ ಹಗ್ಗ ಇನ್ನೂ ಅದೇ ಕೊಂಬೆಯಲ್ಲಿದೆ. ಕೆಲಸದ ಮುಥೋನಿ ಅದಕ್ಕೆ ಒರೆಸುವ ಬಟ್ಟೆ ಸಿಕ್ಕಿಸಿ ಒಣಹಾಕುತ್ತಾಳೆ.

ಇಷ್ಟು ವರ್ಷ ಫೋನಿನಲ್ಲೇ ಮಾತಾಡಿದ ಅಜ್ಜಿ ಈಗ ಯಾಕೆ ಕಾಗದ ಬರೆಯುತ್ತಾಳೆ ಎಂದುಕೊಳ್ಳುತ್ತೀಯೇನೋ. ನಾನು ಶಾಲೆ ಹೆಚ್ಚು ಕಂಡವಳಲ್ಲ, ತಮ್ಮಂದಿರ ಪುಸ್ತಕ ಇಣುಕಿ ನೋಡಿ ಅಕ್ಷರ ಕಲಿತವಳು. ಮನೆಯಲ್ಲಿ ಮಾತು ಕೊಂಕಣಿಯದಾದರೂ ಕಾಗದ ಕನ್ನಡದ್ದೇ, ನಮ್ಮವರಲ್ಲಿ ಮೊದಲಿನಿಂದ ಹಾಗೆ. ನಿನಗೆ ಟೈಫಾಯ್ಡ್ ಬಂದು ಶಾಲೆ ತಪ್ಪಿದಾಗ ಹಾಸಿಗೆಯ ಮೇಲೆ ಪ್ರಾರ್ಥನೆ ಪುಸ್ತಕ ಬಿಡಿಸಿಟ್ಟು ಇದೇ ಅಕ್ಷರ ನಿನಗೂ ಕಲಿಸಿದೆ. ಅಜ್ಜ ಹೋದ ಮೇಲೆ ಇದನ್ನು ಓದಬಲ್ಲವರು ನಮ್ಮ ಮನೆಯಲ್ಲಿ ನಾವಿಬ್ಬರೇ. ನಿನ್ನ ಫುಟ್‌ಬಾಲ್ ಕ್ಲಬ್ಬಿನವರ ಕೈಗೆ ಸಿಕ್ಕರೂ ಇದು ಅವರಿಗೆ ಜಿಲೇಬಿಯ ಚಿತ್ರ. ಆದರೆ ನಿಜವಾದ ಕಾರಣ ಅದಲ್ಲ. ಫೋನಿನಲ್ಲಿ ಹೇಳಿದ್ದು ನಿನ್ನಲ್ಲಿ ನಿಲ್ಲುತ್ತಿಲ್ಲ ಪುತಾ. ಕಾಗದವಾದರೆ ಜೇಬಿನಲ್ಲಿರುತ್ತದೆ. ಮರೆತರೆ ತೆಗೆದು ಮತ್ತೆ ಓದಬಹುದು.

ಮೊನ್ನೆ ಭಾನುವಾರ ಇಗರ್ಜಿಯ ಬಲಿಪೂಜೆ ಮುಗಿಸಿ ಬಂದು ಊಟಕ್ಕೆ ಕೂತಿದ್ದಾಗ ನಿನ್ನ ಫೋನು ಬಂತು. ಸಣ್ಣವನಿದ್ದಾಗ ಸಂಜೆಯ ಜಪಸರ ಮುಗಿದ ಕೂಡಲೇ ದೊಡ್ಡವರ ಮುಂದೆ ಒಬ್ಬೊಬ್ಬರಾಗಿ ತಲೆ ಬಾಗಿಸಿ ಬೆಸಾಂವ್ ಕೇಳುತ್ತಿದ್ದೆಯಲ್ಲ, ದೂರ ಹೋದ ಮೇಲೂ ನೀನು ಆ ಆಶೀರ್ವಾದ ಕೇಳದೆ ಫೋನಿನಲ್ಲಿ ಬೇರೆ ಮಾತು ತೆಗೆದವನಲ್ಲ. ಆ ದಿನವೂ ನೀನು ‘ಬೆಸಾಂವ್, ಅಜ್ಜಿ’ ಎಂದೆ. ನಾನು ಕೊಟ್ಟೆ. ‘ಓಕೆ, ಈಗ ಅಜ್ಜನಿಗೆ ಫೋನ್ ಕೊಡಿ. ಸ್ಲೀಪಿಂಗಾ?’ ಎಂದೆ. ನನ್ನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು. ತಮಾಷೆ ಎಂದುಕೊಂಡೆ, ಆದರೆ ಇಂಥ ತಮಾಷೆ ಮಾಡುವ ಹುಡುಗ ನೀನಲ್ಲ. ಅಜ್ಜ ಇಲ್ಲ ಪುತಾ, ಎಂದು ನಾನು ಹೇಳಿದೆ. ‘ಎಲ್ಲಿಗೆ ಹೋದ್ರು?’ ಎಂದು ನೀನು ಕೇಳಿದೆ.

ಇದನ್ನು ನಿಧಾನವಾಗಿ ಓದು. ಅಜ್ಜ ಕಳೆದ ಆಗಸ್ಟಿನಲ್ಲಿ ತೀರಿಕೊಂಡರು. ನೀನು ಬಂದಿದ್ದೆ. ಪೆಟ್ಟಿಗೆಗೆ ಮುಂದಿನ ಎಡಗಡೆ ಹೆಗಲು ಕೊಟ್ಟವನು ನೀನು. ನೀನು ಎಲ್ಲರಿಗಿಂತ ಎತ್ತರ, ಪೆಟ್ಟಿಗೆ ವಾಲುತ್ತಿತ್ತು; ಹಿಂದಿನವರು ತಗ್ಗಿಸು ತಗ್ಗಿಸು ಎಂದರು. ಲಂಗಾಟಾ ಸ್ಮಶಾನದ ಗೇಟಿನಿಂದ ಗುಂಡಿಯವರೆಗೂ ಮಂಡಿ ಮಡಿಸಿಕೊಂಡೇ ನಡೆದೆ. ಮರುದಿನ ನಿನಗೆ ಮಂಚದಿಂದ ಏಳಲಾಗಲಿಲ್ಲ, ನಾನೇ ಎಣ್ಣೆ ತಿಕ್ಕಿದೆ. ಅದನ್ನು ನೀನು ಹೇಗೆ ಮರೆತೆ ಮಗಾ? ನಾನು ಫೋನಿನಲ್ಲಿ ಇದನ್ನೇ ಹೇಳಿದಾಗ ನೀನು ನಕ್ಕೆ. ‘ಯಾ ಯಾ, ಐ ನೋ ಅಜ್ಜಿ. ಬಸ್ಸಲ್ಲಿ ನಿದ್ದೆ ಇಲ್ಲ, ಟಯರ್ಡ್ ಅಷ್ಟೆ’ ಎಂದೆ. ನಾನು ಉಸಿರು ಬಿಡುವ ಮೊದಲೇ ನೀನು ಸ್ವರ ತಗ್ಗಿಸಿ, ‘ಡ್ಯಾಡಿಗೆ ಹೇಳ್ಬೇಡಿ, ಪ್ಲೀಸ್. ಶನಿವಾರದ ಮ್ಯಾಚ್ ಮುಗೀಲಿ’ ಎಂದೆ. ಆಗ ನನಗೆ ತಿಳಿಯಿತು. ಏನೋ ಆಗಿದೆಯೆಂದು ನಿನಗೂ ಗೊತ್ತು, ನೀನು ಬಚ್ಚಿಡುತ್ತಿದ್ದೀ. ನಾನು ಆಯಿತು ಎಂದೆ. ಮತ್ತೆ ಚಳಿಯ ವಿಷಯ, ಊಟದ ವಿಷಯ ಮಾತಾಡಿದೆವು. ಫೋನು ಇಡುವ ಮೊದಲು ನೀನು ಕೇಳಿದೆ, ‘ಅಜ್ಜಿ, ಅಜ್ಜನ ಕೆಮ್ಮು ಕಮ್ಮಿ ಆಯ್ತಾ?’

ಕಮ್ಮಿಯಾಯಿತು ಎಂದುಬಿಟ್ಟೆ.

ತಟ್ಟೆಯಲ್ಲಿ ಅನ್ನ ಒಣಗಿತು. ಮುಥೋನಿ ಬಂದು ನನ್ನ ಮುಖ ನೋಡಿ ‘ಪೋಲೆ, ಮಾಮಾ’, ಪಾಪ ಅಮ್ಮಾ, ಎಂದಳು. ಇಲ್ಲಿಯವರು ಸಾವಿನ ಮನೆಯಲ್ಲೂ ಬೆರಳು ಸುಟ್ಟರೂ ಹೇಳುವ ಅದೇ ಸಮಾಧಾನದ ಮಾತು. ಯಾವುದಕ್ಕೆ ಹೇಳಿದಳೋ. ಆಮೇಲೆ ಮೆಲಿಸ್ಸಾಳ ಬಳಿ ಫೋನು ಕೇಳಿ ನಿನ್ನ ಫೆಬ್ರವರಿಯ ಮ್ಯಾಚಿನ ವಿಡಿಯೋ ಹಾಕಿಸಿಕೊಂಡೆ. ಅದನ್ನು ನಾವು ಎಷ್ಟು ಸಲ ನೋಡಿ ನಕ್ಕಿದ್ದೇವೆ! ಕಾರ್ನರಿನಿಂದ ಬಂದ ಚೆಂಡಿಗೆ ನೀನೂ ಎದುರಿನ ಆ ದಪ್ಪ ಹುಡುಗನೂ ಹಾರಿ ತಲೆಗೆ ತಲೆ ಬಡಿದು ಬಿದ್ದಿರಿ. ನೀನು ಎದ್ದೆ, ಮುಖಕ್ಕೆ ನೀರು ಹಾಕಿಸಿಕೊಂಡೆ, ಮತ್ತೆ ಬಂದ ಚೆಂಡಿಗೂ ತಲೆ ಕೊಟ್ಟು ಗೋಲು ಹೊಡೆದೆ. ಗೋಲು ಹೊಡೆದವನು ಓಡಿದ್ದು ನಿಮ್ಮ ಜನರ ಕಡೆಗಲ್ಲ, ಎದುರಾಳಿಗಳ ಜನ ಕೂತ ಕಡೆಗೆ. ಎರಡೂ ಕೈ ಎತ್ತಿ ಅವರಿಗೆ ಮುತ್ತು ಎಸೆದೆ. ಅವರು ಬೈಯುತ್ತಿದ್ದರು, ನೀನು ನಗುತ್ತಿದ್ದೆ. ಏನು ಧೈರ್ಯ, ಹೇಗೆ ಕೆಣಕುತ್ತಾನೆ ನೋಡಿ ಎಂದು ಇಗರ್ಜಿಯ ಹೆಂಗಸರಿಗೆಲ್ಲ ತೋರಿಸಿದ್ದೆ. ಭಾನುವಾರ ಮೊದಲ ಸಲ ನಿನ್ನ ಕಣ್ಣು ನೋಡಿದೆ. ಅದು ಕೆಣಕುವವನ ಕಣ್ಣಲ್ಲ. ಅವರು ನಿನ್ನವರು ಎಂದೇ ನೀನು ತಿಳಿದಿದ್ದೆ.

ನಿನ್ನ ಆಟ ನನಗೆ ಗೊತ್ತಿಲ್ಲದ್ದಲ್ಲ. ಅವೊಕಾಡೊ ಮರಕ್ಕೆ ಹಳೆಯ ಕಾಲುಚೀಲದಲ್ಲಿ ಚೆಂಡು ಕಟ್ಟಿದ ದಿನದಿಂದ ನೋಡಿದ್ದೇನೆ. ‘ಕಾಲಲ್ಲಿ ಎಲ್ಲರೂ ಹೊಡೀತಾರೆ ಮಾರಾಯ, ತಲೆ ಇರುವುದು ಟೊಪ್ಪಿ ಇಡ್ಲಿಕ್ಕೆ ಮಾತ್ರವಾ?’ ಎಂದು ಅಜ್ಜ ಕೆಣಕುತ್ತಿದ್ದರು. ನೀನು ಊಟ ಮರೆತು ಹಾರುತ್ತಿದ್ದೆ. ಆ ತಲೆಯೇ ನಿನ್ನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಯಿತು. ನಾಲ್ಕನೇ ದರ್ಜೆಯ ಲೀಗು, ಐದನೇ ದರ್ಜೆಯ ಲೀಗು. ನಿನ್ನ ಕ್ಲಬ್ಬುಗಳ ಊರಿನ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಅಂಗಿಯ ಬಣ್ಣದಲ್ಲೇ ನೆನಪಿಟ್ಟೆ. ಮೊದಲು ಹಳದಿ, ಆಮೇಲೆ ನೀಲಿ ಪಟ್ಟೆ, ಈಗ ಕೆಂಪು. ನಡುವೆ ಹಸಿರಿನವರಿಗೆ ನಿನ್ನನ್ನು ಲೋನ್ ಕೊಟ್ಟಿದ್ದಾರೆ ಎಂದಾಗ ಅಜ್ಜ ಸಿಟ್ಟಾಗಿ, ‘ಇವನೇನು ಪಾತ್ರೆಯಾ, ಪಕ್ಕದ ಮನೆಗೆ ಕೊಟ್ಟು ತರ್ಲಿಕ್ಕೆ?’ ಎಂದಿದ್ದು ನಿನಗೆ ನೆನಪಿದೆಯೇ? ಇದ್ದರೆ ನನಗೆ ಹೇಳು. ಇಲ್ಲದಿದ್ದರೂ ಹೇಳು. ದೊಡ್ಡ ಆಟಗಾರರನ್ನು ಟೀವಿಯವರು ತೋರಿಸುತ್ತಾರೆ, ನಮ್ಮವನನ್ನು ನಾವೇ ಹುಡುಕಿ ನೋಡಬೇಕು ಎನ್ನುತ್ತಾ ಅವರು ಮೆಲಿಸ್ಸಾಳ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಕೂರುತ್ತಿದ್ದರು. ಬದುಕಿದ್ದು ಭಾನುವಾರದ ನಿನ್ನ ಮಾತು ಕೇಳಿದ್ದರೆ ಆ ಹಗ್ಗವನ್ನು ತಾವೇ ಕತ್ತರಿಸುತ್ತಿದ್ದರು.

ಶನಿವಾರ ಗೆದ್ದರೆ ನಿಮ್ಮ ಕೆಂಪು ಅಂಗಿಯವರು ಮೇಲಿನ ಲೀಗಿಗೆ ಏರುವ ಆಸೆ ಉಳಿಯುತ್ತದೆ, ನಿನ್ನ ಕರಾರು ಮುಂದುವರಿಯುತ್ತದೆ ಎಂದು ನನಗೆ ಗೊತ್ತು. ಮೂವತ್ತೊಂದರ ಸ್ಟ್ರೈಕರನ ತಲೆ ಸರಿಯಿಲ್ಲವೆಂದು ತಿಳಿದರೆ ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬ ಹೆದರಿಕೆಯೂ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ. ಶನಿವಾರ ಆಡಬೇಡ. ಕ್ಲಬ್ಬಿನ ಡಾಕ್ಟರ ಮುಂದೆ ಕೂತು ಒಂದನ್ನೂ ಮುಚ್ಚಿಡದೆ ಹೇಳು. ಅಜ್ಜ ಸತ್ತದ್ದು ಮರೆತೆ, ಹೇಳಿದ ಮೇಲೂ ಮತ್ತೆ ಮರೆತೆ ಎಂದು ಹೇಳು. ಹೇಳಲು ನಾಚಿಕೆಯಾದರೆ ಈ ಕಾಗದ ತೋರಿಸಿ ನೀನೇ ಇಂಗ್ಲಿಷಿನಲ್ಲಿ ಓದಿ ಹೇಳು.

ಪಾರ್ಕ್‌ಲ್ಯಾಂಡ್ಸ್‌ನ ದ್ವಾರಕಾನಾಥರ ಹೆಂಡತಿ ಊರ್ಮಿಳಾ ಗುರುವಾರ ಮಗನನ್ನು ನೋಡಲು ಅಲ್ಲಿಗೆ ಬರುತ್ತಾರೆ, ಅವರ ಮಗನ ಊರು ನಿನಗೆ ರೈಲಿನಲ್ಲಿ ಹತ್ತಿರವಂತೆ. ಇದನ್ನು ಅವರ ಕೈಯಲ್ಲಿ ಕೊಡುತ್ತೇನೆ, ಜೊತೆಗೆ ಬಫಾತ್ ಮಸಾಲೆ ಪುಡಿ. ನಿನ್ನ ತಲೆಯ ಮೇಲೆ ಕೈಯಿಟ್ಟು ಬೆಸಾಂವ್ ಕೊಡುತ್ತಿದ್ದಾಗ ಕೂದಲ ಅಡಿಯಲ್ಲಿ ಸಿಗುತ್ತಿದ್ದ, ಚೆಂಡು ತಾಗಿ ಎದ್ದ ಆ ಸಣ್ಣ ಗಡ್ಡೆ ನನ್ನ ಅಂಗೈಗೆ ಇನ್ನೂ ನೆನಪಿದೆ. ದೇವಮಾತೆ ನಿನ್ನ ಆ ತಲೆಯನ್ನು ಕಾಯಲಿ.

ಪ್ರೀತಿಯಿಂದ,
ನಿನ್ನ ಅಜ್ಜಿ
ರೊಸಲಿನ್

ಮ.ಸೂ.: ಬುಧವಾರ, ಅವಸರದಲ್ಲಿ. ಡ್ಯಾಡಿಗೆ ಹೇಳಿಬಿಟ್ಟೆ ಪುತಾ, ಬೈದರೆ ಬೈ. ಹರ್ಬರ್ಟ್ ಎದ್ದು ಹೋಗಿ ನನ್ನ ಪಾಸ್‌ಪೋರ್ಟ್ ಹುಡುಕಿ ತಂದ. ನಿನ್ನ ಆಟ ನೋಡಬೇಕೆಂದು ಅಜ್ಜ ನಮ್ಮಿಬ್ಬರಿಗೂ ಮಾಡಿಸಿದ್ದ ಎರಡು ವರ್ಷದ ವೀಸಾ ಇನ್ನೂ ಮುಗಿದಿಲ್ಲ. ಊರ್ಮಿಳಾ ಅವರ ಪಕ್ಕದ ಸೀಟು ನನ್ನದು. ಈ ಕಾಗದ ನಿನ್ನ ಕೈಗೆ ಕೊಡುವವಳು ನಾನೇ. ಆಮೇಲೆ ಓದುವಾಗ ನಾನು ಬಂದಿದ್ದೂ ಮರೆತಿದ್ದರೆ ಹೆದರಬೇಡ, ನಿನ್ನ ಅಡುಗೆಮನೆಗೆ ಬಂದು ನೋಡು, ಅಲ್ಲಿರುತ್ತೇನೆ. ಆ ಬಾಗಿಲು ತೆರೆದ ಕೂಡಲೇ ತಲೆ ಬಾಗಿಸು. ಎರಡು ಬೆಸಾಂವ್ ಕೊಡುವುದಿದೆ, ಅಜ್ಜನ ಪಾಲಿನದು ಮೊದಲು.