ಕರೆಂಟು ಹೋಗಬೇಕಾದ ದಾರಿ

೧೨ ನವೆಂಬರ್ ೧೯೬೪, ಪುತ್ತೂರು

ಅಂಗಡಿ ತೆರೆದು ಮೋಟರುಗಳ ಧೂಳು ಒರೆಸಿದೆ. ನಿನ್ನೆಯೂ ಒರೆಸಿದ್ದೆ. ಬಾಗಿಲ ಬಳಿ ತೋರಿಸಲು ಇಟ್ಟ ಪಂಪಿಗೆ ಸ್ವಿಚ್ ಹಾಕಿದೆ — ತೊಟ್ಟಿಯಿಂದ ತೊಟ್ಟಿಗೇ ನೀರು. ಬಸ್ಸಿಗೆ ಕಾಯುವವರು ಬಂದು ನೋಡುತ್ತಾರೆ, ಮುಖ ತೊಳೆದುಕೊಂಡು ಹೋಗುತ್ತಾರೆ.

ಕಾಣಿಯೂರಿನ ಬೆಳ್ಯಪ್ಪ ಗೌಡರು ಬಂದಿದ್ದರು. ನನ್ನ ಅಣ್ಣ ಮಹಾಲಿಂಗನ ತೋಟದ ಆಚೆ ಅವರದು. ಬಹಳ ಹೊತ್ತು ಪಂಪನ್ನೇ ನೋಡಿದರು.

“ಇದು ಶಬ್ದವೇ ಮಾಡುದಿಲ್ವಲ್ಲಕ್ಕ. ನೀರು ಹೋಗ್ತಾ ಉಂಟಾ ಇಲ್ವಾ ಅಂತ ಮನೆಯಲ್ಲಿ ಕೂತವನಿಗೆ ಗೊತ್ತಾಗುದು ಹೇಗೆ?”

“ಹೋಗಿ ನೋಡುದು, ಗೌಡ್ರೆ.”

“ಹೋಗಿ ನೋಡುದಾದ್ರೆ ಮೋಟರು ಎಂತಕ್ಕೆ?” ಎಂದು ನಕ್ಕರು. ಆಮೇಲೆ, ಕರೆಂಟಿನ ಲೈನು ಬಂದರೆ ತಾನೂ ತಮ್ಮಂದಿರೂ ಒಂದೊಂದು ತೆಗೆದುಕೊಳ್ಳುತ್ತೇವೆ ಎಂದರು. ಲೈನು ಬಂದರೆ... ಈ ಅಂಗಡಿಯಲ್ಲಿ ಅತಿ ಹೆಚ್ಚು ಕೇಳಿದ ಮಾತು.

ಕಾಣಿಯೂರಿನ ರಸ್ತೆಯವರೆಗೆ ಕರೆಂಟು ಬಂದಿದೆ. ಅಲ್ಲಿಂದ ಗೌಡರ ಕಡೆಗೆ ನೇರ ದಾರಿ ಅಣ್ಣನ ತೋಟದ ನಡುವಿನಿಂದ.

ಜನವರಿಯೊಳಗೆ ಏನೂ ಮಾರಾಟವಾಗದಿದ್ದರೆ ಏಜೆನ್ಸಿ ವಾಪಸು ಎಂದು ಕಂಪೆನಿಯವರು ಹೇಳಿ ಹೋಗಿದ್ದಾರೆ. ನಮ್ಮ ಯಜಮಾನರು ಓಡಾಡಿ ತಂದ ಏಜೆನ್ಸಿ. ತಂದ ವರ್ಷವೇ ತೀರಿಹೋದರು. ಅಂಗಡಿ ಮುಚ್ಚಿದರೆ ನಾನು ಅಣ್ಣನ ಮನೆಗೆ. ಅಲ್ಲಿ ಯಾರೂ ನನಗೆ ಕೆಟ್ಟದು ಮಾಡುವುದಿಲ್ಲ. ಅದೇ ಹೆದರಿಕೆ.

೧೯ ನವೆಂಬರ್

ಸುಳ್ಯದ ಚೆನ್ನಕೇಶವ ಬಂದಿದ್ದ. ನೀರೆತ್ತುವ ಸೀಮೆಎಣ್ಣೆ ಇಂಜಿನಿನ ಏಜೆಂಟು. ಇಂಜಿನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ತೋಟದಿಂದ ತೋಟಕ್ಕೆ ಹೋಗುತ್ತಾನೆ. ಮೊದಲ ದಿನದ ನೀರು ಬಿಟ್ಟಿ.

“ನಿಮ್ಮದು ಒಳ್ಳೆ ಮಾಲು, ಅಕ್ಕ. ಆದ್ರೆ ಬಾಲ ಉದ್ದ.”

ತಂತಿಯನ್ನು ಹೇಳಿದ್ದು. ನಗು ಬಂತು, ಅವನೆದುರು ನಗಲಿಲ್ಲ.

ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಕಂಪೆನಿಯ ಕ್ಯಾಟಲಾಗು ಪೂರ್ತಿ ಓದಿದ್ದೇನೆ. ಅದರಲ್ಲಿ ಎಲ್ಲ ಇದೆ. ಕಂಬ ಯಾರ ಜಾಗದಲ್ಲಿ ಎಂಬುದೊಂದು ಇಲ್ಲ.

೬ ಡಿಸೆಂಬರ್, ಕಾಣಿಯೂರು

ಲೈನಿನ ಓವರ್‌ಸಿಯರ್ ಬಂದು ಅಳೆದರು. ಎರಡು ಸಾಲು ಅಡಿಕೆಮರ ಹೋಗಬೇಕು. ಯಾವ ಸಾಲು ಎಂದು ನೋಡಿದರೆ — ಇವರು ತೀರಿಕೊಂಡ ಮೇಲೆ ಅಣ್ಣ ನನಗೆಂದು ಬಿಟ್ಟುಕೊಟ್ಟವು. ಅವುಗಳ ಫಸಲು ನನಗೆ. ಒಂದು ರೀತಿಯ ಸಮಾಧಾನವಾಯಿತು. ಬೇರೆಯವರ ಮರ ಕೇಳಬೇಕಾಗಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. “ನನ್ನ ಸಾಲೇ ಕಡಿಯಲಿ, ಅಣ್ಣ.”

ಅಣ್ಣ ಮಜ್ಜಿಗೆ ಅನ್ನ ಕಲಸುತ್ತಿದ್ದ. “ಅಡಿಕೆ ನಿನ್ನದು. ಮರ ತೋಟದ್ದು.”

“ನಿನಗೂ ಕರೆಂಟು ಬರ್ತದಲ್ಲ.”

“ಬರಲಿ. ಪಕ್ಕದ ತೋಟದಿಂದ ಬರಲಿ. ಫಲ ಬಿಡುವ ಮರ ಕಡಿದು ಊರವರಿಗೆ ದಾರಿ ಮಾಡಿ ಕೊಡ್ಲಿಕ್ಕೆ ನನಗೆಂತ ಮರುಳಾ?”

ವಸುಮತಿ ಅತ್ತಿಗೆ ಬೇಡವೆಂದರೂ ನನಗೆ ಪಾಯಸ ಬಡಿಸಿದರು.

ಪಕ್ಕದ ತೋಟದವರನ್ನೂ ಕೇಳಿದೆ. ಅವರು ಅಣ್ಣನ ತೋಟ ತೋರಿಸಿದರು. ಎಲ್ಲರಿಗೂ ಕರೆಂಟು ಬೇಕು, ಕಂಬ ಪಕ್ಕದವನ ತೋಟದಲ್ಲಿ.

ಅಣ್ಣ ಹೇಳಿದ್ದು ತಪ್ಪೇ? ಮರ ನೆಟ್ಟವಳು ನಾನಲ್ಲ. ಬಿಟ್ಟುಕೊಟ್ಟದ್ದನ್ನು ನನ್ನದೆಂದುಕೊಂಡಿದ್ದೆ, ಅಷ್ಟೇ.

೮ ಜನವರಿ ೧೯೬೫, ಪುತ್ತೂರು

ಅಂಗಡಿಗೆ ಯಾರೂ ಬರಲಿಲ್ಲ. ಬೆಳ್ಯಪ್ಪ ಗೌಡರು ರಸ್ತೆಯ ಆಚೆ ಬದಿಯಲ್ಲೇ ನಡೆದುಹೋದರು. ಕರೆಯಬಹುದಿತ್ತು. ಕರೆಯಲಿಲ್ಲ.

೨೪ ಜನವರಿ. ಸಂಜೆ

ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಹೇಳಿದ — “ನಿಮ್ಮ ಅಣ್ಣ ಮರ ಕಡಿಸ್ತಾ ಇದ್ದಾರಲ್ಲ.” ಪಂಪು ಆರಿಸದೆಯೇ ಬೀಗ ಹಾಕಿ ಅದೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಣ್ಣನ ಬಗ್ಗೆ ಅಂದುಕೊಂಡದ್ದನ್ನೆಲ್ಲ ಒಂದೊಂದಾಗಿ ಹಿಂದೆ ತೆಗೆದುಕೊಂಡೆ.

ಎರಡು ಸಾಲೂ ಮಲಗಿದ್ದವು. ನನ್ನವೇ.

“ಓವರ್‌ಸಿಯರಿಗೆ ಹೇಳಿದ್ದೀಯಾ, ಅಣ್ಣ?”

“ಅವನಿಗೆ ಎಂತಕ್ಕೆ?”

ಆಗ ನೆಲ ನೋಡಿದೆ. ಗಾಡಿಯ ಚಕ್ರದ ಗುರುತು, ತೋಟದ ಕೆಳಗಿನ ಹೊಳೆಯವರೆಗೆ. ಅಲ್ಲಿ ತೆಂಗಿನ ಮಡಲಿನ ಚಪ್ಪರದ ಕೆಳಗೆ ಚೆನ್ನಕೇಶವನ ಇಂಜಿನು.

“ಗಾಡಿ ಇಳೀಲಿಕ್ಕೆ ದಾರಿ ಬೇಡವಾ?” ಎಂದ ಅಣ್ಣ. ಇಂಜಿನಿನಲ್ಲಿ ಬೆಳ್ಯಪ್ಪ ಗೌಡರದೂ ಪಾಲು. ವಾರದಲ್ಲಿ ಅರ್ಧ ಅಣ್ಣನಿಗೆ, ಅರ್ಧ ಅವರಿಗೆ. ಇದೇ ದಾರಿಯಿಂದ ಗಾಡಿ ಗೌಡರ ತೋಟಕ್ಕೆ ಹೋಗುತ್ತದೆ.

“ಹೇಗೂ ಜಾಗ ಆಯಿತಲ್ಲ. ಇದರ ಮೇಲೆಯೇ ತಂತಿ ಹೋಗಬಹುದು,” ಎಂದೆ.

“ಹೋಗಲಿ, ಮಾರಾಯ್ತಿ. ಯಾರಿಗೆ?”

ಉತ್ತರ ಹೇಳಲು, ಅಲ್ಲೇ ಇದ್ದ ಗೌಡರ ಕಡೆ ನೋಡಿದೆ. ಅವರು ಇಂಜಿನಿಗೆ ಕಿವಿಗೊಟ್ಟು ನಿಂತಿದ್ದರು. ವಾಪಸು ಬಸ್ಸಿಗೆ ಕಾಯುತ್ತಿದ್ದಾಗ ಅದರ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು, ನೀರು ಹೋಗುತ್ತಿದೆ ಎಂದು ಊರಿಗೆಲ್ಲ ಗೊತ್ತಾಗುವ ಹಾಗೆ.

೨ ಫೆಬ್ರವರಿ, ಪುತ್ತೂರು

ನಾಳೆ ಮೋಟರುಗಳನ್ನು ವಾಪಸು ಒಯ್ಯಲು ಕಂಪೆನಿಯ ಲಾರಿ.

ಮಧ್ಯಾಹ್ನ ಚೆನ್ನಕೇಶವ ಒಂದು ಗೋಣಿ ಇಳಿಸಿದ. “ಅಣ್ಣ ಕೊಟ್ಟದ್ದು. ನಿಮ್ಮ ಸಾಲಿನ ಅಡಿಕೆಯಂತೆ.”

ಇವತ್ತು ತಮಾಷೆ ಮಾಡಲಿಲ್ಲ. ಮಜ್ಜಿಗೆ ಕೊಟ್ಟೆ, ಕುಡಿದ. “ಕರೆಂಟು ಒಂದು ದಿನ ಬಂದೇ ಬರ್ತದೆ, ಅಕ್ಕ. ಆಗ ನಾನೂ ಮೋಟರೇ ಮಾರುದು.”

ಸುಳ್ಳಲ್ಲ. ಆಗ ಅವನು ಮಾರುತ್ತಾನೆ.

ಗೋಣಿ ಬಿಚ್ಚಿ ನೋಡಿದೆ. ಹೆಚ್ಚಿನವು ಹಸಿರು. ಹಣ್ಣಾಗುವ ಮೊದಲೇ ಕಡಿದದ್ದಲ್ಲವೇ. ಹಾಗೆಂದು ಬಿಸಾಡಲಾದೀತೇ — ಅಣ್ಣ ಲೆಕ್ಕ ತಪ್ಪದವನು, ನನ್ನದು ನನಗೆ ಕಳುಹಿಸಿದ್ದಾನೆ. ತೊಟ್ಟಿ ಬರಿದು ಮಾಡಿ ಕವುಚಿ ಹಾಕಿದೆ. ಮೋಟರುಗಳು ಹೋದರೆ ಅಡಿಕೆ ಹರಡಲು ಜಾಗವಾಗುತ್ತದೆ. ಆದರೆ ತಿಂಗಳ ಕೊನೆಗೆ ಅಂಗಡಿ ಬಿಡಬೇಕು, ಅಷ್ಟರಲ್ಲಿ ಒಣಗುವುದಿಲ್ಲ. ಒಣಗದ್ದನ್ನು ಹೊತ್ತುಕೊಂಡು ಮತ್ತೆ ಅಣ್ಣನ ಅಂಗಳಕ್ಕೇ —